ಹಕ್ಕು ನಂದೇ ಅಂದ್ಮೇಲೆ ಸ್ಕೂಲಿಗೆ ಹೋಗ್ಲೇಬೇಕಾ?

ಚಿಕ್ಕ ಮಕ್ಕಳಿಗೆ ಶಿಕ್ಷಣದ ಹಕ್ಕಿನ ಬಗ್ಗೆ ಹೇಳಲು ಕೂತ ದೊಡ್ಡವರು ಮೊದಲು ತಡವರಿಸುವುದು ಒಂದು ಪ್ರಶ್ನೆಗೆ. "ಓದೋದು ನಿನ್ನ ಹಕ್ಕು" ಅಂತ ನಾವಿನ್ನೂ ಹೇಳಿ ಮುಗಿಸಿರುವುದಿಲ್ಲ, ಏಳು ವರ್ಷದ ಮಗು ಕೇಳಿಬಿಡುತ್ತದೆ: "ನಂದೇ ಹಕ್ಕು ತಾನೆ? ಇವತ್ತು ನಂಗೆ ಬೇಡ. ಆದ್ರೂ ಹೋಗ್ಲೇಬೇಕಾ?"

ತುಂಬಾ ಜನ ಇದನ್ನು ತರಲೆ ಅಂದುಕೊಂಡು ಮಾತು ಹಾರಿಸುತ್ತಾರೆ. ಹಾರಿಸಬೇಡಿ. ಮಗು ಹಿಡಿದಿರುವುದು ನಿಜವಾದ ಗಂಟನ್ನೇ. ಮಾತಾಡುವ ಹಕ್ಕಿರುವವರು ಸುಮ್ನಿರಲೂಬಹುದು. ಆಡುವ ಹಕ್ಕಿರುವ ಮಗು ಆಡದೆ ಕೂತರೆ ಯಾರೂ ಕೇಳುವುದಿಲ್ಲ. ಶಿಕ್ಷಣ ಮಾತ್ರ ಹಕ್ಕೂ ಹೌದು, ಕಡ್ಡಾಯವೂ ಹೌದು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿಕೊಂಡ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕೂತಿವೆ. ಎಲ್ಲರಿಗೂ ಶಿಕ್ಷಣದ ಹಕ್ಕಿದೆ, ಮೊದಲ ಹಂತದಲ್ಲಾದರೂ ಅದು ಉಚಿತವಾಗಿರಬೇಕು ಅನ್ನುತ್ತದೆ ಆ ವಿಧಿ. ಹಾಗೆ ಹೇಳಿದ ಬೆನ್ನಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಅಂತಲೂ ಹೇಳುತ್ತದೆ.

ಕಡ್ಡಾಯ ಸರಿ, ಆದರೆ ಯಾರಿಗೆ?

ನಾವು ಮಕ್ಕಳ ಕಡೆ ಬೆರಳು ತೋರಿಸುತ್ತೇವೆ. ಕಾನೂನು ಹೆಚ್ಚಾಗಿ ತೋರಿಸುವುದು ದೊಡ್ಡವರ ಕಡೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಬಿಡಿಸಿಯೇ ಬರೆದಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಕೊಡುವುದು, ಮಗು ಶಾಲೆಗೆ ಸೇರುವಂತೆ, ಬರುವಂತೆ, ಓದು ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಅನ್ನುವುದೇ ಅಲ್ಲಿ ಕಡ್ಡಾಯದ ಅರ್ಥ. ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯ ತಂದೆತಾಯಿಯದು. ಎರಡೂ ಕಡೆ ಹೊಣೆ ಬಿದ್ದಿರುವುದು ದೊಡ್ಡವರ ಹೆಗಲಿಗೆ, ಗಮನಿಸಿದ್ರಾ?

ಇದಕ್ಕೆ ಕಾರಣವಿದೆ. ಏಳು ವರ್ಷದ ಮಗು ಶಾಲೆಗೆ ಹೋಗದಿದ್ದರೆ, ಆ ತೀರ್ಮಾನ ಮಾಡಿದ್ದು ಸಾಮಾನ್ಯವಾಗಿ ಆ ಮಗುವಲ್ಲ. ಮನೆಯಲ್ಲಿ ತಂಗಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ, ದುಡಿಮೆಗೆ ಇನ್ನೊಂದು ಕೈ ಬೇಕು, ಹುಡುಗಿಗೆ ಓದು ಯಾಕೆ ಅನ್ನುವವರಿದ್ದಾರೆ, ಶಾಲೆಯೇ ದೂರ. ಓದು ಬೇಕಿದ್ದರೆ ಉಂಟು, ಬೇಡವಾದರೆ ಇಲ್ಲ ಅಂತ ಬಿಟ್ಟುಬಿಟ್ಟರೆ ಈ ಒತ್ತಡಗಳೇ ಗೆಲ್ಲುತ್ತವೆ. ಕಡ್ಡಾಯ ಅಂದಾಗ ಕಟ್ಟಿಹಾಕುವುದು ಮಗುವನ್ನು ಹೀಗೆ ತಡೆಯುವ ಕೈಗಳನ್ನು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದ ಕೆಲಸಕ್ಕೆ ಸೇರಿಸಿಕೊಳ್ಳುವ ಕನಿಷ್ಠ ವಯಸ್ಸನ್ನು ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗೇ ಜೋಡಿಸಿದ್ದು ಇದಕ್ಕೇ. ಒಂದು ಕಡೆ ಶಾಲೆಯ ಬಾಗಿಲು ತೆರೆದು, ಇನ್ನೊಂದು ಕಡೆ ಕೆಲಸದ ಬಾಗಿಲನ್ನೂ ತೆರೆದೇ ಇಟ್ಟರೆ ಮಗು ಎಲ್ಲಿಗೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯವೇ.

ಹಾಗಾದರೆ ಆ ಏಳು ವರ್ಷದವರಿಗೆ ಏನು ಹೇಳುವುದು? ಹೀಗೆ ಹೇಳಬಹುದು: "ನಿನ್ನನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲಿ ಕೂರಿಸಿಕೊಳ್ಳೋಕೆ ನಮಗೆ ಅನುಮತಿ ಇಲ್ಲ. ಸ್ಕೂಲ್ ಕಟ್ಟದೆ ಇರೋಕೆ ಸರ್ಕಾರಕ್ಕೆ ಅನುಮತಿ ಇಲ್ಲ. ನೀನು ಬೇಡ ಅಂತ ವಾಪಸ್ ಕಳಿಸೋಕೆ ಟೀಚರಿಗೂ ಅನುಮತಿ ಇಲ್ಲ." ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ. ದೊಡ್ಡವರಿಗೂ ಅನುಮತಿ ಇಲ್ಲದ ಸಂಗತಿಗಳಿವೆ ಅನ್ನುವುದೇ ಅವರಿಗೆ ಹೊಸ ಸುದ್ದಿ. ಆಮೇಲೆ ಪ್ರಾಮಾಣಿಕವಾಗಿ ಇದನ್ನೂ ಸೇರಿಸಿ: "ಹೌದು, ಇವತ್ತು ನೀನೂ ಹೋಗ್ಬೇಕು." ಅಷ್ಟಕ್ಕೇ ನಿಲ್ಲಿಸದೆ ಒಂದು ಪ್ರಶ್ನೆ ಕೇಳಿ, "ಯಾಕೆ ಬೇಡ ಅನ್ನಿಸ್ತಿದೆ?" ನಿದ್ದೆ ಬಂದಿರಬಹುದು, ಅಷ್ಟೇ. ಅಥವಾ ಅಲ್ಲಿ ಯಾರೋ ಹೊಡೆಯುತ್ತಿರಬಹುದು. ಎರಡನೆಯದಾದರೆ ಅದೂ ಶಿಕ್ಷಣದ ಹಕ್ಕಿನ ವಿಷಯವೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾತು ಕೊಟ್ಟವರು ಯಾರು?

ಮಕ್ಕಳ ಮುಂದೆ ವಿಧಿ, ಕಲಂ, ಸಂವಿಧಾನ ಅಂತ ಶುರುಮಾಡಿದರೆ ಎರಡನೇ ನಿಮಿಷಕ್ಕೆ ಅವರ ಕಣ್ಣು ಕಿಟಕಿಯಾಚೆ ಹೋಗಿರುತ್ತದೆ. "ಮಾತು ಕೊಡುವುದು" ಅಂದರೆ ಅವರಿಗೆ ಚೆನ್ನಾಗಿ ಗೊತ್ತು. ಕೊಟ್ಟ ಮಾತು ತಪ್ಪಿದರೆ ಹೇಗೆ ಸಿಟ್ಟು ಬರುತ್ತದೆ ಅನ್ನುವುದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿಂದ ಶುರುಮಾಡಿ.

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಒಟ್ಟು 54 ವಿಧಿಗಳು. 196 ರಾಷ್ಟ್ರಗಳು ಇದಕ್ಕೆ ಬದ್ಧವಾಗಿವೆ. ಮಾನವ ಹಕ್ಕುಗಳ ಒಪ್ಪಂದಗಳಲ್ಲಿ ಇಷ್ಟು ದೇಶಗಳು ಒಪ್ಪಿದ್ದು ಇನ್ನೊಂದಿಲ್ಲ. ಅಮೆರಿಕ 1995ರಲ್ಲಿ ಸಹಿ ಹಾಕಿದರೂ ಇವತ್ತಿನವರೆಗೆ ಅನುಮೋದಿಸಿಲ್ಲ. ಎಂಟು ವರ್ಷ ದಾಟಿದ ಮಕ್ಕಳು ಈ ವಿಷಯ ಕೇಳಿದರೆ "ಯಾಕೆ?" ಅಂತ ಬಿಡದೆ ಪೀಡಿಸುತ್ತಾರೆ, ಸಿದ್ಧವಾಗಿರಿ.

ಒಡಂಬಡಿಕೆಯ 28ನೇ ವಿಧಿ ಶಾಲೆಯ ಬಾಗಿಲಿನ ಬಗ್ಗೆ. ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತವಾಗಿ ಸಿಗಬೇಕು, ಮುಂದಿನ ಓದಿನ ದಾರಿಯೂ ತೆರೆದಿರಬೇಕು, ಮಕ್ಕಳು ಅರ್ಧಕ್ಕೇ ಬಿಡದಂತೆ ನೋಡಿಕೊಳ್ಳಬೇಕು. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರಬಾರದು ಅನ್ನುವುದೂ ಇದೇ ವಿಧಿಯಲ್ಲಿದೆ. 29ನೇ ವಿಧಿ ಬಾಗಿಲು ದಾಟಿದ ಮೇಲಿನ ಕಥೆ. ಮಗುವಿನ ವ್ಯಕ್ತಿತ್ವ, ಪ್ರತಿಭೆ, ಮನಸ್ಸು, ಮೈ ಎಲ್ಲವೂ ಸಾಧ್ಯವಾದಷ್ಟು ಅರಳಬೇಕು. ಮಗು ತನ್ನ ಭಾಷೆಯನ್ನೂ ಬೇರೆಯವರ ಸಂಸ್ಕೃತಿಯನ್ನೂ ಗೌರವಿಸಲು ಕಲಿಯಬೇಕು. ನಿಸರ್ಗದ ಬಗ್ಗೆ ಕಾಳಜಿ ಬೆಳೆಯಬೇಕು. ಮಾರ್ಕ್ಸ್, ರ‍್ಯಾಂಕು, ಕೆಲಸ ಇವು ಯಾವುವೂ ಆ ವಿಧಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಈ ಮಾತು ಮಕ್ಕಳಿಗಿಂತ ಜಾಸ್ತಿ ಬೇಕಾಗಿರುವುದು ಅಪ್ಪ ಅಮ್ಮಂದಿರಿಗೆ.

ನಾಲ್ಕು ಪ್ರಶ್ನೆ

ವಿಶ್ವಸಂಸ್ಥೆ ಶಿಕ್ಷಣದ ಹಕ್ಕಿನ ಮೇಲೆ ಕಣ್ಣಿಡಲು 1998ರಲ್ಲಿ ಮೊದಲ ಬಾರಿಗೆ ಒಬ್ಬ ವಿಶೇಷ ವರದಿಗಾರರನ್ನು ನೇಮಿಸಿತು. ಅವರು ಕಟಾರಿನಾ ತೊಮಾಶೆವ್ಸ್ಕಿ. ಒಂದು ದೇಶ ಕೊಟ್ಟ ಮಾತನ್ನು ಉಳಿಸಿಕೊಂಡಿದೆಯೇ ಅಂತ ಅಳೆಯಲು ಅವರು ನಾಲ್ಕು ಅಳತೆಗಳನ್ನು ಮುಂದಿಟ್ಟರು. ವರದಿಗಳಲ್ಲಿ ಅವು ಭಾರೀ ಪದಗಳಾಗಿ ಕಾಣುತ್ತವೆ. ಮಕ್ಕಳ ಬಾಯಲ್ಲಿ ಹೇಳಿದರೆ ಇಷ್ಟೇ. ಸ್ಕೂಲ್ ಇದೆಯಾ? ನಾನು ಒಳಗೆ ಹೋಗಬಹುದಾ? ಒಳಗೆ ನಡೆಯುವುದು ಸರಿಯಾಗಿದೆಯಾ? ನನಗೆ ಬೇಕಾದ ಹಾಗೆ ಸ್ಕೂಲು ಸ್ವಲ್ಪ ಬದಲಾಗುತ್ತಾ?

ಮೊದಲನೆಯದು ಸುಲಭ. ಕಟ್ಟಡ, ಟೀಚರು, ನೀರು, ಶೌಚಾಲಯ, ಪುಸ್ತಕ. ಎರಡನೆಯದರಿಂದ ಮಜಾ ಶುರುವಾಗುತ್ತದೆ. ಒಂದು ದೊಡ್ಡ ಹಾಳೆಯ ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಶಾಲೆ ಬರೆಯಿರಿ. ನಡುವೆ ದಾರಿ. ಈಗ ಕೇಳಿ, ಈ ದಾರಿಯಲ್ಲಿ ಒಂದು ಮಗುವನ್ನು ಏನೇನು ತಡೆಯಬಹುದು? ಐದು ವರ್ಷದವರು ಮೊದಲು ಹುಲಿ, ಹಾವು, ದೆವ್ವ ಬರೆಯುತ್ತಾರೆ. ಬರೆಯಲಿ ಬಿಡಿ. ಹುಲಿ ಮುಗಿದ ಮೇಲೆ ನಿಜವಾದ ತಡೆಗಳು ಬರುತ್ತವೆ: ತುಂಬಿದ ಹೊಳೆ, ಬಸ್ಸಿಲ್ಲ, ಫೀಸಿಗೆ ದುಡ್ಡಿಲ್ಲ, ಯೂನಿಫಾರ್ಮ್ ಹರಿದಿದೆ, ಕಾಲಿಲ್ಲ, ಮೆಟ್ಟಿಲಿದೆ.

"ಕಾಲಿಲ್ಲ" ಮತ್ತು "ಮೆಟ್ಟಿಲಿದೆ" ಹೀಗೆ ಅಕ್ಕಪಕ್ಕ ಬಂದಾಗ ಅಲ್ಲಿ ನಿಲ್ಲಿ. ವೀಲ್‌ಚೇರಿನ ಮಗುವನ್ನು ತಡೆದದ್ದು ಕಾಲೋ ಮೆಟ್ಟಿಲೋ? ಆರು ವರ್ಷದವರ ಜೊತೆ ಅರ್ಧ ಗಂಟೆ ಮಾತಾಡಲು ಈ ಒಂದು ಪ್ರಶ್ನೆ ಸಾಕು. ಮೊದಮೊದಲು ಹೆಚ್ಚಿನವರು ಕಾಲು ಅನ್ನುತ್ತಾರೆ. ಯಾರೋ ಒಬ್ಬರು "ಮೆಟ್ಟಿಲ ಬದಲು ಇಳಿಜಾರು ಮಾಡಿದ್ರೆ?" ಅಂದರೆ ಸಾಕು, ಎಲ್ಲರ ವಾದವೂ ತಿರುಗುತ್ತದೆ. ನಾಲ್ಕನೇ ಅಳತೆ ಹೇಳುವುದೂ ಅದನ್ನೇ. ಮಗು ಶಾಲೆಗೆ ಹೊಂದಿಕೊಳ್ಳಲಿ ಅಂತ ಕಾಯಬಾರದು, ಶಾಲೆ ಮಗುವಿಗೆ ಹೊಂದಿಕೊಳ್ಳಬೇಕು. ಕಣ್ಣು ಕಾಣದ ಮಗುವಿಗೆ ಬ್ರೈಲ್ ಪುಸ್ತಕ ಬೇಕು. ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಬಲ್ಲ ಟೀಚರು ಬೇಕು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಮೊದಲ ದಿನಗಳಲ್ಲಿ ತನ್ನ ಭಾಷೆಯಲ್ಲಿ ನಾಲ್ಕು ಮಾತು ಆಡುವವರು ಬೇಕು.

ಮೂರನೆಯ ಅಳತೆ ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು. ಶಾಲೆ ಇದೆ, ಮಗು ಒಳಗೂ ಹೋಗಿದೆ. ಅಲ್ಲಿ ಹೊಡೆತ ಬಿದ್ದರೆ, ಜಾತಿ ಹಿಡಿದು ಹಂಗಿಸಿದರೆ, ದಿನವಿಡೀ ಬೋರ್ಡಿನಲ್ಲಿದ್ದದ್ದನ್ನು ನಕಲು ಮಾಡಿಸಿ ಕಳಿಸಿದರೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಆ ಮಗುವಿಗೆ ಹಕ್ಕು ಸಿಕ್ಕಿಲ್ಲ. ಭಾರತದ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಣದ ಹಕ್ಕು ಅಂದರೆ ಸೀಟು ಅಂತಷ್ಟೇ ತಿಳಿದವರು ಬಿಟ್ಟುಬಿಡುವುದು ಇದನ್ನೇ.

ಕಥೆ ಹೇಳುವುದಾದರೆ

ಮಕ್ಕಳಿಗೆ ಹಕ್ಕು ಅರ್ಥವಾಗುವುದು ಅದು ಯಾರದ್ದೋ ಕೈತಪ್ಪಿದ ಕಥೆ ಕೇಳಿದಾಗ. ಮಲಾಲಾ ಕಥೆ ಎಲ್ಲರೂ ಹೇಳುತ್ತಾರೆ. ಹುಡುಗಿಯರ ಓದಿನ ಪರ ಮಾತಾಡಿದ ಆಕೆಯ ಮೇಲೆ 2012ರಲ್ಲಿ ಗುಂಡು ಹಾರಿತು. 2014ರಲ್ಲಿ, 17ನೇ ವಯಸ್ಸಿಗೆ, ಕೈಲಾಶ್ ಸತ್ಯಾರ್ಥಿ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದೊಡ್ಡ ಮಕ್ಕಳಿಗೆ ಸರಿ. ಆದರೆ ಐದಾರು ವರ್ಷದವರ ತಲೆಯಲ್ಲಿ ಉಳಿಯುವುದು ಗುಂಡು ಮಾತ್ರ. "ಸ್ಕೂಲ್ ಬಸ್ಸಿಗೆ ಹತ್ತಿದ್ರೆ ಶೂಟ್ ಮಾಡ್ತಾರಾ?" ಅಂತ ರಾತ್ರಿ ಕೇಳುತ್ತಾರೆ. ಅವರಿಗೆ ನಾನಾದರೆ ರೂಬಿ ಬ್ರಿಡ್ಜಸ್ ಕಥೆ ಹೇಳುತ್ತೇನೆ.

ರೂಬಿಗೆ ಆರು ವರ್ಷ. ಅಮೆರಿಕದ ನ್ಯೂ ಆರ್ಲಿಯನ್ಸ್. ಕಪ್ಪು ಮಕ್ಕಳಿಗೆ ಒಂದು ಶಾಲೆ, ಬಿಳಿ ಮಕ್ಕಳಿಗೆ ಇನ್ನೊಂದು ಅನ್ನುವ ಪದ್ಧತಿ ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಆದರೂ ಈ ಊರಿನ ಶಾಲೆಗಳು ಬದಲಾಗಿರಲಿಲ್ಲ. 1960ರ ನವೆಂಬರ್ 14ರಂದು ರೂಬಿ ಬಿಳಿಯರ ಶಾಲೆಯೊಂದರ ಮೆಟ್ಟಿಲು ಹತ್ತಿದಳು, ಸುತ್ತ ಕಾವಲಿಗೆ ನಾಲ್ವರು ಫೆಡರಲ್ ಮಾರ್ಷಲ್‌ಗಳು, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಅಧಿಕಾರಿಗಳು. ಹೊರಗೆ ಜನ ಕಿರುಚುತ್ತಿದ್ದರು. ರೂಬಿ ಅದನ್ನು ಊರಿನ ಮಾರ್ಡಿ ಗ್ರಾ ಹಬ್ಬದ ಗದ್ದಲ ಅಂದುಕೊಂಡಳಂತೆ. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಎಳೆದುಕೊಂಡು ಹೋದರು. ಆ ಗಲಾಟೆಯಲ್ಲಿ ಮೊದಲ ದಿನವೆಲ್ಲ ಅವಳು ಪ್ರಿನ್ಸಿಪಾಲರ ಆಫೀಸಿನಲ್ಲೇ ಕೂತಿದ್ದಳು. ಅವಳಿಗೆ ಪಾಠ ಮಾಡಲು ಒಪ್ಪಿದ್ದು ಬಾರ್ಬರಾ ಹೆನ್ರಿ ಅನ್ನುವ ಒಬ್ಬರೇ ಟೀಚರ್. ಆ ವರ್ಷ ತರಗತಿಯಲ್ಲಿ ಇದ್ದದ್ದು ಅವರಿಬ್ಬರೇ. ಒಬ್ಬಳು ಹುಡುಗಿ, ಒಬ್ಬರು ಟೀಚರ್, ಸುತ್ತ ಖಾಲಿ ಡೆಸ್ಕು.

ಇಷ್ಟು ಹೇಳಿ ಸುಮ್ಮನಾಗಿ. "ರೂಬಿ ಏನು ತಪ್ಪು ಮಾಡಿದ್ಲು?" ಅಂತ ಮಕ್ಕಳೇ ಕೇಳುತ್ತಾರೆ. ಅವಳು ಏನೂ ತಪ್ಪು ಮಾಡಿರಲಿಲ್ಲ ಅಂತ ಗೊತ್ತಾದ ಮೇಲೆ ನೀವು ಕೇಳಿ: ಈ ಕಥೆಯಲ್ಲಿ ಯಾರ‍್ಯಾರು ತಮ್ಮ ಕೆಲಸ ಮಾಡಿದರು, ಯಾರು ಮಾಡಲಿಲ್ಲ? ಕೋರ್ಟು, ಮಾರ್ಷಲ್‌ಗಳು, ಟೀಚರ್, ಅಪ್ಪ ಅಮ್ಮ, ಹೊರಗೆ ನಿಂತ ಜನ, ಇಷ್ಟು ವರ್ಷ ಸುಮ್ಮನಿದ್ದ ಊರು. ರೂಬಿಯ ಧೈರ್ಯವನ್ನಷ್ಟೇ ಹೊಗಳಿ ಮುಗಿಸಿದರೆ ಕಥೆ ಅರ್ಧವಾಗುತ್ತದೆ. ಆರು ವರ್ಷದ ಹುಡುಗಿ ಶಾಲೆಗೆ ಹೋಗಲು ಅಷ್ಟು ಧೈರ್ಯ ಮಾಡಬೇಕಾಗಿ ಬಂದದ್ದೇ ದೊಡ್ಡವರು ಮಾತು ತಪ್ಪಿದ್ದರಿಂದ.

ನಗಿಸುವ ಕಥೆ ಬೇಕಾದರೆ ಕೀನ್ಯಾದ ಕಿಮಾನಿ ಮರೂಗೆ ಇದ್ದಾರೆ. 2003ರಲ್ಲಿ ಕೀನ್ಯಾ ಸರ್ಕಾರ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು. ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಅಂದರೆ ಅಷ್ಟು ಮಕ್ಕಳನ್ನು ಹೊರಗಿಟ್ಟಿದ್ದು ಸೋಮಾರಿತನ ಅಲ್ಲ, ಫೀಸು. ಮರುವರ್ಷ ಒಂದನೇ ಕ್ಲಾಸಿಗೆ 84 ವರ್ಷದ ಅಜ್ಜ ಬಂದು ನಿಂತರು, ಚಡ್ಡಿ, ಉದ್ದ ಸಾಕ್ಸ್ ಹಾಕಿಕೊಂಡು! ತಾನೇ ಬೈಬಲ್ ಓದಬೇಕು ಅನ್ನುವುದು ಅವರ ಆಸೆಗಳಲ್ಲೊಂದಾಗಿತ್ತು. ಈ ಹಕ್ಕು "ಎಲ್ಲರದು" ಅನ್ನುವುದನ್ನು ಐದು ವರ್ಷದವರಿಗೆ ಈ ಅಜ್ಜ ತಿಳಿಸಿದಷ್ಟು ಚೆನ್ನಾಗಿ ಯಾವ ವಿಧಿಯೂ ತಿಳಿಸುವುದಿಲ್ಲ.

ನಾವೇ ಕೆಡಿಸುವ ಎರಡು ರೀತಿ

ಒಂದು, ಕರುಣೆ. "ನೋಡು, ಎಷ್ಟೋ ಮಕ್ಕಳಿಗೆ ಸ್ಕೂಲೇ ಇಲ್ಲ. ನಿಂಗೆ ಎಲ್ಲಾ ಇದೆ, ಆದ್ರೂ ಓದಲ್ಲ." ಮಾತಿನ ಮೊದಲರ್ಧ ನಿಜ. ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಕ್ಕಳು ಮತ್ತು ಹದಿಹರೆಯದವರು ಶಾಲೆಯಿಂದ ಹೊರಗಿದ್ದಾರೆ ಅನ್ನುತ್ತದೆ ಯುನೆಸ್ಕೋ. ಅಫ್ಗಾನಿಸ್ತಾನದಲ್ಲಿ 2021ರಿಂದ ಹುಡುಗಿಯರಿಗೆ ಆರನೇ ತರಗತಿಯ ಮೇಲೆ ಶಾಲೆಯ ಬಾಗಿಲು ಮುಚ್ಚಿದೆ. ಆದರೆ ಬೈಗುಳಕ್ಕೆ ಇದನ್ನು ಬಳಸಿದ ಕೂಡಲೇ ಹಕ್ಕು ಹೋಗಿ ಅದೃಷ್ಟ ಆಗಿಬಿಡುತ್ತದೆ. ನಂಗೆ ಸಿಕ್ಕಿದೆ, ಅವರಿಗೆ ಸಿಕ್ಕಿಲ್ಲ, ಪಾಪ. ಮಗು ಕಲಿಯುವುದು ಇಷ್ಟೇ. ಆ ಮಕ್ಕಳಿಗೆ ಯಾರೋ ಬಾಕಿ ಉಳಿಸಿಕೊಂಡಿದ್ದಾರೆ ಅನ್ನುವ ವಿಚಾರ ಅದರ ತಲೆಗೆ ಬರುವುದೇ ಇಲ್ಲ.

ಇನ್ನೊಂದು ಇನ್ನೂ ನಾಜೂಕಿನದು. "ಪ್ರತಿ ಹಕ್ಕಿಗೂ ಒಂದು ಕರ್ತವ್ಯ" ಅಂತ ಎರಡು ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು. ಓದುವ ಹಕ್ಕು, ಅದರ ಎದುರಿಗೆ ಹೋಮ್‌ವರ್ಕ್ ಮಾಡುವ ಕರ್ತವ್ಯ. ನೋಡಲು ಚೆನ್ನಾಗಿರುತ್ತದೆ. ಮಗು ಅದನ್ನು ಓದಿಕೊಳ್ಳುವುದು ಹೀಗೆ: ಹೋಮ್‌ವರ್ಕ್ ಮಾಡಲಿಲ್ಲ ಅಂದ್ರೆ ಹಕ್ಕು ಕಟ್. ಹಾಗೇನೂ ಇಲ್ಲ. ಪಕ್ಕದವನಿಗೆ ಹೊಡೆದ ಹುಡುಗನಿಗೂ, ಪುಸ್ತಕ ಹರಿದವಳಿಗೂ, ಮೂರು ಸಲ ಫೇಲಾದವನಿಗೂ ಓದುವ ಹಕ್ಕು ಅಷ್ಟೇ ಗಟ್ಟಿಯಾಗಿದೆ. ಹೊಡೆದದ್ದಕ್ಕೆ ಬುದ್ಧಿ ಹೇಳಬೇಕು, ಆದರೆ ಅದಕ್ಕೂ ಹಕ್ಕಿಗೂ ಗಂಟು ಹಾಕಬಾರದು. ಗೋಡೆಗೆ ಎರಡನೇ ಪಟ್ಟಿ ಬೇಕೇಬೇಕು ಅಂದರೆ ಅದರಲ್ಲಿ ದೊಡ್ಡವರ ಕೆಲಸ ಬರೆಯಿರಿ. ಮಕ್ಕಳ ಬಗ್ಗೆ ಬರೆಯುವುದಾದರೆ "ಪಕ್ಕದವರ ಕಲಿಕೆಗೂ ನಾನು ಜಾಗ ಬಿಡ್ತೀನಿ" ಅನ್ನುವಷ್ಟು ಸಾಕು.

ಹೇಳುವುದಕ್ಕಿಂತ ಬದುಕುವುದು

ಪೋಲೆಂಡಿನ ವೈದ್ಯ ಯಾನುಷ್ ಕೊರ್ಚಾಕ್ ವಾರ್ಸಾದಲ್ಲಿ ಅನಾಥಾಲಯ ನಡೆಸುತ್ತಿದ್ದರು. ಅಲ್ಲಿ ಮಕ್ಕಳದೇ ಒಂದು ನ್ಯಾಯಾಲಯ ಇತ್ತು. ನ್ಯಾಯಾಧೀಶರೂ ಮಕ್ಕಳೇ. ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ದೂರು ಕೊಡಬಹುದಿತ್ತು, ದೊಡ್ಡವರ ಮೇಲೂ. ಕೊರ್ಚಾಕ್ ಮೇಲೇ ದೂರು ಬಂದದ್ದುಂಟು, ಅವರೂ ಹೋಗಿ ಉತ್ತರ ಹೇಳಿದರು. ಅಲ್ಲಿನ ತೀರ್ಪುಗಳಲ್ಲಿ ಕ್ಷಮೆಯೇ ಜಾಸ್ತಿ. ಮುಂದೆ 1978ರಲ್ಲಿ, ಮಕ್ಕಳ ಹಕ್ಕುಗಳಿಗೆ ಪ್ರತ್ಯೇಕ ಒಡಂಬಡಿಕೆ ಬೇಕು ಅಂತ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟದ್ದೂ ಪೋಲೆಂಡೇ.

ಅಷ್ಟು ದೊಡ್ಡ ಏರ್ಪಾಡು ನಮಗೆ ಬೇಡ. ಆದರೆ ಹಕ್ಕಿನ ಬಗ್ಗೆ ಪಾಠ ಮಾಡುತ್ತಾ "ಮಧ್ಯೆ ಬಾಯಿ ಹಾಕ್ಬೇಡ, ಸುಮ್ನೆ ಕೂತ್ಕೋ" ಅಂದರೆ ಪಾಠ ಅಲ್ಲೇ ಮುಗಿಯಿತು. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು, ಅದಕ್ಕೆ ವಯಸ್ಸಿಗೆ ತಕ್ಕ ಬೆಲೆ ಸಿಗುವುದು ಒಡಂಬಡಿಕೆಯ 12ನೇ ವಿಧಿ. ತೀರಾ ಚಿಕ್ಕ ಮಕ್ಕಳಿಗೂ ಇದು ಅನ್ವಯಿಸುತ್ತದೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2005ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾತು ಬಾರದ ಮಗು ಕೂಡ ಅತ್ತು, ನಕ್ಕು, ಮುಖ ತಿರುಗಿಸಿ ಹೇಳುತ್ತದೆ ಅಲ್ವಾ? ಇನ್ನು 42ನೇ ವಿಧಿ ಈ ಹಕ್ಕುಗಳನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಸುವ ಹೊಣೆಯನ್ನು ಸರ್ಕಾರಗಳಿಗೆ ಹೊರಿಸಿದೆ. ಹಾಗಾಗಿ "ಇಷ್ಟು ಚಿಕ್ಕವರಿಗೆ ಇದೆಲ್ಲ ಯಾಕೆ" ಅನ್ನುವ ವಾದಕ್ಕೆ ಜಾಗವೇ ಇಲ್ಲ.

ಒಂದು ಕೆಲಸ ಮಾಡಿ ನೋಡಬಹುದು. ಆ ನಾಲ್ಕು ಪ್ರಶ್ನೆ ಹಿಡಿದುಕೊಂಡು ಮಕ್ಕಳು ತಮ್ಮದೇ ಶಾಲೆಯನ್ನು ಒಂದು ಸುತ್ತು ಹಾಕಲಿ. ಕೈತೊಳೆಯುವ ನಲ್ಲಿ ಎಲ್ಲರಿಗೂ ಎಟುಕುತ್ತಾ? ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ? ಹೊಸದಾಗಿ ಸೇರಿದವರ ಭಾಷೆ ಯಾರಿಗಾದರೂ ಬರುತ್ತಾ? ಹಿಂದಿನ ಬೆಂಚಿಗೆ ಬೋರ್ಡು ಕಾಣುತ್ತಾ? ಬರೆಯಲು ಬಾರದವರು ಚಿತ್ರ ಬರೆಯಲಿ. ಪಟ್ಟಿಯನ್ನು ಮಕ್ಕಳೇ ಹೆಡ್‌ಮಾಸ್ಟರಿಗೆ ಕೊಡಲಿ. ಹೆಡ್‌ಮಾಸ್ಟರು ಮಾಡಬೇಕಾದದ್ದು ಒಂದೇ: ಪ್ರತಿಯೊಂದಕ್ಕೂ ಉತ್ತರ ಕೊಡುವುದು. "ಇದನ್ನು ಈ ವಾರ ಸರಿ ಮಾಡಿಸ್ತೀನಿ" ಅನ್ನಬಹುದು. "ಇದು ನನ್ನ ಕೈಯಲ್ಲಿಲ್ಲ, ಮೇಲಿನವರಿಗೆ ಬರೀತೀನಿ" ಅಂತಲೂ ಅನ್ನಬಹುದು. ಆಗುವುದಿಲ್ಲ ಅಂದರೂ ಪರವಾಗಿಲ್ಲ, ಆದರೆ ಯಾಕೆ ಆಗುವುದಿಲ್ಲ ಅಂತ ಮಕ್ಕಳ ಎದುರಿಗೇ ಬಂದು ಹೇಳಬೇಕು.